ಇಪ್ಪತ್ತು ಸಿಟ್ಟಿಂಗ್‌ಗೆ ದುಡ್ಡು ಕಟ್ಟುವ ಮುಂಚೆ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ನೋಡಿದೆ. ಫೋನಿನಲ್ಲಿ ಮಾತಾಡಿದರೆ ನೀನು ಅಳುತ್ತೀಯ, ನಾನು ಬೈಯುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಗುವಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದೆ ಚಡಪಡಿಸುವ ತೊಂದರೆ, ಅಂತ ಡಾಕ್ಟರು ಹೇಳಿ ಇನ್ನೂ ಮೂರು ತಿಂಗಳಾಗಿಲ್ಲ, ಅಷ್ಟರಲ್ಲಿ ಯಾರೋ ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಮಾಡಿಸಿ, ಇಪ್ಪತ್ತು ಸಿಟ್ಟಿಂಗ್‌ನಲ್ಲಿ ಸರಿಹೋಗುತ್ತದೆ, ಮಾತ್ರೆಯನ್ನೂ ಬಿಡಿಸಬಹುದು ಅಂದರಂತೆ. ದುಡ್ಡು ಮುಂಚೆಯೇ ಕಟ್ಟಬೇಕಂತೆ. ಕಟ್ಟಬೇಡ.

ನಾನು ಸೂಜಿಯ ವೈರಿಯಲ್ಲ. ನನ್ನ ಮಂಡಿ ನೋವಿಗೆ ನಾನೇ ಚುಚ್ಚಿಸಿಕೊಂಡವಳು. ಕೂದಲಿಗಿಂತ ಒಂಚೂರು ದಪ್ಪ ಇರುತ್ತದೆ ಆ ಸೂಜಿ, ಪುಟ್ಟ ಪ್ಲಾಸ್ಟಿಕ್ ಕೊಳವೆಯಲ್ಲಿಟ್ಟು ಬೆರಳಿನಿಂದ ಟಕ್ ಅಂತ ತಟ್ಟುತ್ತಾರೆ, ಒಳಗೆ ಹೋದದ್ದೇ ಗೊತ್ತಾಗುವುದಿಲ್ಲ, ಆಮೇಲೆ ಜೋಮು ಹಿಡಿದ ಹಾಗೆ ಒಂದು ಥರ ಭಾರ. ಇಪ್ಪತ್ತು ನಿಮಿಷ ಅಲ್ಲಾಡದೆ ಮಲಗಬೇಕು. ನೋವು ಸ್ವಲ್ಪ ಕಡಿಮೆಯಾಯಿತು, ಸುಳ್ಳು ಹೇಳುವುದಿಲ್ಲ. ಸೂಜಿಯಿಂದಲೋ, ಅಷ್ಟು ಹೊತ್ತು ಅಡುಗೆಮನೆ ಬಿಟ್ಟು ಮಲಗಿದ್ದರಿಂದಲೋ, ದೇವರಿಗೇ ಗೊತ್ತು. ಆದರೆ ನನ್ನ ಮಂಡಿ ಬೇರೆ, ಏಳು ವರ್ಷದ ಹುಡುಗನ ತಲೆ ಬೇರೆ. ಇದಕ್ಕೆ ಅವರು ಹುಡುಕುವ ಜಾಗಗಳು ಸಾಮಾನ್ಯವಾಗಿ ನೆತ್ತಿಯ ನಡುವೆ ಒಂದು, ಅದರ ಸುತ್ತ ನಾಲ್ಕು. ನಿನ್ನ ಮಗ ಇಪ್ಪತ್ತು ನಿಮಿಷ ಹಾಗೆ ಮಲಗುವ ಹಾಗಿದ್ದಿದ್ದರೆ ಡಾಕ್ಟರ ಹತ್ತಿರ ಯಾಕೆ ಹೋಗುತ್ತಿದ್ದೆ, ಹೇಳು?

ಯಾವ ಚಿಕಿತ್ಸೆಗೆ ಎಷ್ಟು ಪುರಾವೆ ಇದೆ ಅಂತ ಸೋಸಿ ನೋಡುವ ಕಾಕ್ರೇನ್ ಅಂತ ಒಂದು ಸಂಸ್ಥೆ ಇದೆ. 2011ರಲ್ಲಿ ಅವರು ಎಡಿಎಚ್‌ಡಿಗೆ ಅಕ್ಯುಪಂಕ್ಚರ್ ಉಪಯೋಗವಾಗುತ್ತದಾ ಅಂತಲೇ ಹುಡುಕಿದರು. ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಸರಿಯಾಗಿ ಹೋಲಿಸಿ ನೋಡಿದ ಅಧ್ಯಯನ ಅವರ ಜರಡಿಯಲ್ಲಿ ಒಂದೂ ಉಳಿಯಲಿಲ್ಲ. ಒಂದೂ. ಉಪಯೋಗವಾಯಿತು ಅನ್ನುವ ಅಧ್ಯಯನಗಳು ಚೀನಾದಿಂದ ಬಂದಿವೆ, ಇಲ್ಲ ಅನ್ನುವುದಿಲ್ಲ, ಆದರೆ ಹೆಚ್ಚಿನವು ಚಿಕ್ಕವು. ಇನ್ನೊಂದು ಯೋಚನೆ ಮಾಡು. ಮಗುವಿನ ಚಂಚಲ ಕಡಿಮೆಯಾಯಿತಾ ಅಂತ ಫಾರಂ ತುಂಬುವವರು ಯಾರು? ಅಪ್ಪ ಅಮ್ಮ, ಟೀಚರ್. ದುಡ್ಡು ಕಟ್ಟಿ, ಮಗುವನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಇಪ್ಪತ್ತು ಸಲ ಓಡಾಡಿದ ತಾಯಿಗೆ ಏನೂ ಬದಲಾಗಿಲ್ಲ ಅಂತ ಬರೆಯಲು ಕೈ ಬರುತ್ತದಾ? ಅದಕ್ಕೇ ಅಕ್ಯುಪಂಕ್ಚರ್ ಪರೀಕ್ಷಿಸಲು ಸುಳ್ಳು ಸೂಜಿಯನ್ನೇ ಮಾಡಿದ್ದಾರೆ, ನಾಟಕದ ಚಾಕು ಹಿಡಿಯೊಳಗೆ ಹೋಗುತ್ತದಲ್ಲ, ಹಾಗೆ, ಚುಚ್ಚಿದಂತೆ ಕಾಣುತ್ತದೆ, ಚುಚ್ಚುವುದಿಲ್ಲ.

ಮಾತ್ರೆಯ ವಿಷಯ. ನಿಮ್ಮತ್ತೆ ‘ಹುಚ್ಚಿನ ಮಾತ್ರೆ’ ಅಂದರು ಅಂತ ಬರೆದಿದ್ದೀಯ. ಅವನಿಗೆ ಕೊಟ್ಟಿರುವ ಆ ಮಾತ್ರೆ, ಮೀಥೈಲ್‌ಫೆನಿಡೇಟ್, ನಿನ್ನೆ ಮೊನ್ನೆ ಬಂದದ್ದಲ್ಲ, ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1955ರಲ್ಲಿ. ಅಲ್ಲಿ 579 ಮಕ್ಕಳನ್ನು 14 ತಿಂಗಳು ನೋಡಿದ ದೊಡ್ಡ ಅಧ್ಯಯನ 1999ರಲ್ಲಿ ಬಂತು. ಚಂಚಲ, ಗಮನ ಇವುಗಳಲ್ಲಿ, ಬರೀ ವರ್ತನೆಯ ತರಬೇತಿ ಪಡೆದವರಿಗಿಂತ, ಔಷಧಿಯನ್ನು ಜೋಪಾನವಾಗಿ ಹೊಂದಿಸಿ ಕೊಟ್ಟ ಮಕ್ಕಳು ಮುಂದಿದ್ದರು. ಕೆಲವು ವರ್ಷ ಕಳೆದ ಮೇಲೆ ಗುಂಪುಗಳ ನಡುವಿನ ಆ ವ್ಯತ್ಯಾಸ ಉಳಿಯಲಿಲ್ಲ, ಅದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ. ಮಾತ್ರೆ ಮಂತ್ರವಲ್ಲ. ಆದರೆ ಅದರ ಒಳ್ಳೆಯದೂ ಕೆಟ್ಟದ್ದೂ ಎರಡೂ ಡಾಕ್ಟರಿಗೆ ಗೊತ್ತಿದೆ. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬರುತ್ತದೆ ಅಂದೆಯಲ್ಲ, ಹಸಿವು ಕಡಿಮೆಯಾಗುವುದು ಈ ಮಾತ್ರೆಯಲ್ಲಿ ಸಾಮಾನ್ಯ. ಬೆಳಿಗ್ಗೆ ಮಾತ್ರೆಗೆ ಮುಂಚೆ ತುಪ್ಪ ಹಾಕಿ ಅಕ್ಕಿರೊಟ್ಟಿಯೋ ದೋಸೆಯೋ ಹೊಟ್ಟೆ ತುಂಬ ತಿನ್ನಿಸು, ರಾತ್ರಿ ಔಷಧಿ ಇಳಿದ ಮೇಲೆ ತಾನೇ ಕೇಳುತ್ತಾನೆ. ತೂಕ, ಎತ್ತರ ಬರೆದಿಡು, ಡಾಕ್ಟರಿಗೆ ತೋರಿಸು. ನಿದ್ದೆ ಕೆಟ್ಟರೂ ಹೇಳು, ಡೋಸ್ ಬದಲಾಯಿಸುತ್ತಾರೆ. ನೀನೇ ನಿಲ್ಲಿಸಬೇಡ. ಡಾಕ್ಟರ ಮೇಲೇ ಅನುಮಾನವಿದ್ದರೆ ಬೆಂಗಳೂರಲ್ಲೇ ಇದ್ದೀಯ, ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ, ಅಲ್ಲಿ ಇನ್ನೊಂದು ಸಲ ಕೇಳು.

ಒಂದು ಮಾತು ಯಾರಿಗೂ ಹೇಳಿರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದೆನಲ್ಲ, ಇಂಥ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಒಬ್ಬರೋ ಇಬ್ಬರೋ ಇದ್ದರು. ಕುಂಡೆಯಲ್ಲಿ ಮುಳ್ಳಿದೆಯಾ ಅಂತ ಕೇಳಿ ಹೊರಗೆ ನಿಲ್ಲಿಸುತ್ತಿದ್ದೆ. ಬಾಗಿಲ ಹೊರಗೆ ನಿಂತು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದ ಒಬ್ಬನ ಮುಖ ಈಗಲೂ ಕಣ್ಣ ಮುಂದಿದೆ. ಹಾಗಾಗಿ ನಿನ್ನ ಮಗನ ವಿಷಯದಲ್ಲಿ ನನಗೆ ಸ್ವಲ್ಪ ಜಾಸ್ತಿಯೇ ಅವಸರ.

ಹೋದ ಡಿಸೆಂಬರ್‌ನಲ್ಲಿ ಅವನು ಇಲ್ಲಿಗೆ ಬಂದಾಗ ಹಿದುಕಬೇಳೆಗೆ ಅವರೆಕಾಳು ನೆನೆಸಿದ್ದೆ. ಕಾಳು ಹಿದುಕಿದರೆ ಚಿಮ್ಮಿ ಪಾತ್ರೆಗೆ ಬೀಳುತ್ತದಲ್ಲ, ಅದು ಅವನಿಗೆ ಹಿಡಿಸಿಬಿಟ್ಟಿತು. ಹತ್ತು ಕಾಳಿಗೊಂದು ಸಲ ಎದ್ದು ಗೇಟಿನವರೆಗೆ ಓಡಿ ಬರುತ್ತಿದ್ದ. ನಾನು ಕೂತ್ಕೋ ಅನ್ನಲಿಲ್ಲ, ಬಂದ ತಕ್ಷಣ ಶಭಾಷ್ ಅಂದು ಇನ್ನು ಹತ್ತು ಅನ್ನುತ್ತಿದ್ದೆ. ಒಂದು ಪಾವು ಮುಗಿಸಿದ ಕಣೇ! ಮಾರನೆಯ ದಿನ ಲೆಕ್ಕವನ್ನೂ ಹಾಗೇ ಮಾಡಿಸಿದೆ, ನಾಲ್ಕು ಲೆಕ್ಕ, ಒಂದು ಓಟ. ಆ ಡಾಕ್ಟರು ಅಪ್ಪ ಅಮ್ಮನಿಗೆ ತರಬೇತಿ ಅಂತ ಬರೆದಿದ್ದಾರಲ್ಲ, ಅದರಲ್ಲಿ ಹೇಳಿಕೊಡುವುದು ಹೆಚ್ಚುಕಮ್ಮಿ ಇದೇ. ಕೆಲಸ ತುಂಡು ಮಾಡು, ಹೊಗಳುವುದಿದ್ದರೆ ಆಗಲೇ ಹೊಗಳು, ಭಾನುವಾರ ಚಾಕೊಲೇಟ್ ಅಂದರೆ ಅವನಿಗೆ ಅದು ಮುಂದಿನ ಜನ್ಮ. ಅದಕ್ಕೆ ನೀವಿಬ್ಬರೂ ಹೋಗಿ. ಸೂಜಿಗೆ ಎತ್ತಿಟ್ಟ ದುಡ್ಡು ಅಲ್ಲಿಗಾಗಲಿ.

ಅಳಿಯಂದಿರು ಒಂದು ಸಲ ನೋಡೇಬಿಡೋಣ ಅಂತ ಹಟ ಹಿಡಿದರೆ ಜಗಳವಾಡಬೇಡ. ಮಾತ್ರೆ ನಿಲ್ಲಿಸುವುದಿಲ್ಲ ಅನ್ನು, ಡಾಕ್ಟರಿಗೆ ತಿಳಿಸು, ಪ್ರತಿ ಸಲವೂ ನಿನ್ನ ಕಣ್ಣೆದುರೇ ಹೊಸ ಸೂಜಿಯ ಪ್ಯಾಕೆಟ್ ಒಡೆಯಲಿ, ದುಡ್ಡು ಆಯಾ ದಿನದ್ದು ಆಯಾ ದಿನ. ಮಗು ಬೇಡ ಅಂದ ದಿನ ಎತ್ತಿಕೊಂಡು ಮನೆಗೆ ಬಾ.

ಸಂಕ್ರಾಂತಿಗೆ ಬರುವಾಗ ಡಾಕ್ಟರ ಫೈಲ್ ತೆಗೆದುಕೊಂಡು ಬಾ, ಕೂತು ನೋಡೋಣ. ಅವರೆಕಾಯಿ ಆಗಲೂ ಸಿಗುತ್ತದೆ. ಈ ಸಲ ಎರಡು ಪಾವು ಅಂತ ಅವನಿಗೆ ಈಗಲೇ ಹೇಳಿಡು.

ನಿನ್ನ ದೊಡ್ಡಮ್ಮ