ಮುತ್ತಿಗೆ ಕತ್ತರಿ, ಗುಂಡಿಗೆ ಅನುಮತಿ

ಮಾನ್ಯ ಸಂಪಾದಕರೇ,

2025ರ ‘ಸೂಪರ್‌ಮ್ಯಾನ್’ ಚಿತ್ರದ 33 ಸೆಕೆಂಡ್‌ಗಳ ಮುತ್ತಿನ ದೃಶ್ಯಕ್ಕೆ ಸೆನ್ಸಾರ್ ಮಂಡಳಿ ಕತ್ತರಿ ಹಾಕಿದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಓದಿದಾಗ ನಕ್ಕು ಸುಮ್ಮನಾಗಿದ್ದೆ. ಭಾನುವಾರ ಚಿತ್ರ ನೋಡಿ ಬಂದ ಮೇಲೆ ಮೈ ಉರಿಯುತ್ತಿದೆ. ಪೂರ್ತಿ ಬೆಲೆ ಕೊಟ್ಟು ಪುಟ ಹರಿದ ಪುಸ್ತಕ ತಂದ ಹಾಗಾಗಿದೆ.

ಸುದ್ದಿಯಲ್ಲಿ ಇದ್ದದ್ದನ್ನು ಮತ್ತೆ ಹೇಳುವುದಿಲ್ಲ. ಆದರೆ ಪರದೆಯ ಮೇಲೆ ಅದು ಹೇಗೆ ಕಾಣುತ್ತದೆ ಅನ್ನುವುದು ವರದಿಯಲ್ಲಿ ಇರಲಿಲ್ಲ. ಕ್ಲಾರ್ಕ್, ಅಂದರೆ ಸೂಪರ್‌ಮ್ಯಾನ್, ಮತ್ತು ಅವನ ಪ್ರೇಯಸಿ ಲೋಯಿಸ್ ಹತ್ತಿರ ಬರುತ್ತಾರೆ. ಟಪ್ ಅಂತ ದೃಶ್ಯ ಜಿಗಿಯುತ್ತದೆ. ಹಿಂದಿನ ಸಾಲಿನವರು ‘ಏಯ್, ಕರೆಂಟ್ ಹೋಯ್ತೇನ್ರೋ’ ಅಂತ ಕೂಗಿದರು. ಪ್ರೊಜೆಕ್ಟರ್ ಆಪರೇಟರ್ ಪಾಪ, ಮಾಡದ ತಪ್ಪಿಗೆ ಬೈಸಿಕೊಂಡ. ಕತ್ತರಿ ಹಿಡಿದವರು ಮುಂಬೈಯಲ್ಲಿ ಆರಾಮಾಗಿದ್ದಾರೆ.

ಇದೇ ಚಿತ್ರದಲ್ಲಿ ಖಳನಾಯಕ ಲೆಕ್ಸ್ ಲೂಥರ್ ಒಬ್ಬ ಬಡಪಾಯಿ ಫಲಾಫೆಲ್ (ಕಡಲೆ ವಡೆಯಂಥ ತಿಂಡಿ) ಮಾರುವವನ ತಲೆಗೆ ಪಿಸ್ತೂಲು ಇಡುತ್ತಾನೆ. ಅವನು ಮಾಡಿದ ತಪ್ಪು ಇಷ್ಟೇ, ಸೂಪರ್‌ಮ್ಯಾನ್‌ಗೆ ಒಮ್ಮೆ ನೆರವಾಗಿದ್ದ. ಸೂಪರ್‌ಮ್ಯಾನ್‌ನ ಕಣ್ಣೆದುರೇ ಲೂಥರ್ ಅವನನ್ನು ಕೊಲ್ಲುತ್ತಾನೆ. (ಇನ್ನೂ ನೋಡದವರು ಕ್ಷಮಿಸಿ, ಹೊಟ್ಟೆ ಉರಿಗೆ ಹೇಳಿಬಿಟ್ಟೆ.) ನಾವು ನೋಡಿದ ಪ್ರತಿಯಲ್ಲಿ ಅದು ಇತ್ತು. ಪಕ್ಕದಲ್ಲಿದ್ದ ತಂಗಿ ಮಗ ಕಣ್ಣು ಮುಚ್ಚಿಕೊಂಡ. ಅವನಿಗೆ ಮುತ್ತಿನಿಂದ ರಕ್ಷಣೆ ಸಿಕ್ಕಿತು, ಗುಂಡಿನಿಂದ ಸಿಗಲಿಲ್ಲ. ಊರಿಗೆ ಊರೇ ಸೀಳಿಕೊಂಡು ಕಟ್ಟಡಗಳು ಬಿದ್ದವು, ಅದಕ್ಕೂ ಅಡ್ಡಿ ಇಲ್ಲ. ಇಷ್ಟ ಪಟ್ಟ ಹುಡುಗಿಗೆ ಮುತ್ತು ಕೊಟ್ಟರೆ ಮಾತ್ರ ದೇಶ ಕೆಡುತ್ತದೆ, ಅಲ್ವಾ?

ಕಾಮಿಕ್ಸ್ ಅಂದರೆ ಮಕ್ಕಳ ಆಟ ಅಂತ ತಿಳಿದವರು ಕತ್ತರಿ ಹಿಡಿದರೆ ಹೀಗೇ ಆಗುವುದು. ಸೂಪರ್‌ಮ್ಯಾನ್ ಮೊದಲು ಬಂದದ್ದು 1938ರ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ. ಲೋಯಿಸ್ ಲೇನ್ ಕೂಡ ಅದರಲ್ಲೇ ಬಂದಳು. ಅದೇ ಕತೆಯಲ್ಲಿ ಕ್ಲಾರ್ಕ್ ಅವಳನ್ನು ಹೊರಗೆ ಸುತ್ತಾಡಲು ಕರೆದುಕೊಂಡು ಹೋಗುತ್ತಾನೆ. 1996ರಲ್ಲಿ ಕಾಮಿಕ್ಸ್‌ನಲ್ಲಿ ಇಬ್ಬರಿಗೂ ಮದುವೆಯೇ ಆಯಿತು. ಮ್ಯಾರೇಜ್ ಸರ್ಟಿಫಿಕೇಟ್ ಲಗತ್ತಿಸಿದ್ದರೆ ಮಂಡಳಿಯವರು ಬಿಡುತ್ತಿದ್ದರೋ ಏನೋ.

ಈ ಚಿತ್ರ ಮಾಡಿದ ಜೇಮ್ಸ್ ಗನ್ ಮನಸ್ಸಿನಲ್ಲಿಟ್ಟುಕೊಂಡಿದ್ದು ಗ್ರಾಂಟ್ ಮಾರಿಸನ್ ಬರೆದು ಫ್ರಾಂಕ್ ಕ್ವೈಟ್ಲಿ ಚಿತ್ರ ಬಿಡಿಸಿದ ‘ಆಲ್-ಸ್ಟಾರ್ ಸೂಪರ್‌ಮ್ಯಾನ್’ ಪುಸ್ತಕವನ್ನು. 2005ರಿಂದ 2008ರವರೆಗೆ ಬಂದ 12 ಸಂಚಿಕೆ. ನನ್ನ ಮಟ್ಟಿಗೆ ಸೂಪರ್‌ಮ್ಯಾನ್ ಬಗ್ಗೆ ಅದಕ್ಕಿಂತ ಒಳ್ಳೆಯದು ಬಂದಿಲ್ಲ. ಅದರಲ್ಲಿ ಒಂದು ಪುಟ ಇದೆ. ಕಟ್ಟಡದ ತುದಿಯಲ್ಲಿ ಒಬ್ಬ ಹುಡುಗಿ ಹಾರಲು ನಿಂತಿರುತ್ತಾಳೆ. ಸೂಪರ್‌ಮ್ಯಾನ್ ಹಿಂದಿನಿಂದ ಬಂದು ನಾಲ್ಕು ಮಾತು ಹೇಳಿ ಅಪ್ಪಿಕೊಳ್ಳುತ್ತಾನೆ, ಅಷ್ಟೇ. ಗುದ್ದಾಟ ಇಲ್ಲ, ಹಾರಾಟ ಇಲ್ಲ. 2013ರ ‘ಮ್ಯಾನ್ ಆಫ್ ಸ್ಟೀಲ್’ನಲ್ಲಿ ಖಳ ಝಾಡ್‌ನ ಕತ್ತು ಮುರಿದ ಸೂಪರ್‌ಮ್ಯಾನ್ ನೋಡಿ ನಮ್ಮಂಥವರಿಗೆ ಆಗಿದ್ದ ಸಂಕಟ ಹೇಳತೀರದು. ಈ ಸಲ ಸೂಪರ್‌ಮ್ಯಾನ್ ಆಗಿರುವ ಡೇವಿಡ್ ಕೋರೆನ್‌ಸ್ವೆಟ್ ಗಲಾಟೆ ನಡುವೆ ಒಂದು ಅಳಿಲನ್ನೂ ಬಿಡದೆ ಕಾಪಾಡುತ್ತಾನೆ. ಆಗಲೇ ಅಂದುಕೊಂಡೆ, ಬಂದ ನಮ್ಮವನು ಅಂತ. ಇಷ್ಟು ಮೆತ್ತಗಿನ ಮನುಷ್ಯನಿಗೆ ಪ್ರೀತಿ ತೋರಿಸಲು ಬಿಡದಿದ್ದರೆ ಉಳಿಯುವುದೇನು? ಕೆಂಪು ಚಡ್ಡಿ.

ಅದೇ ‘ಆಲ್-ಸ್ಟಾರ್’ ಪುಸ್ತಕದ ಮೂರನೇ ಸಂಚಿಕೆಯಲ್ಲಿ ಕ್ಲಾರ್ಕ್, ಲೋಯಿಸ್ ಇಬ್ಬರೂ ಚಂದ್ರನ ಮೇಲೆ ಮುತ್ತು ಕೊಟ್ಟುಕೊಳ್ಳುತ್ತಾರೆ. ಬೆಂಗಳೂರಿನ ಅಂಗಡಿಯಲ್ಲೇ ಕೊಂಡದ್ದು, ಯಾರೂ ನನ್ನ ವಯಸ್ಸು ಕೇಳಲಿಲ್ಲ. ಚಿತ್ರದಲ್ಲಿ ಹೆಸರುಗಳು ಓಡುವಾಗ ಅವನು ತನ್ನ ನಾಯಿ ಕ್ರಿಪ್ಟೊ ಜೊತೆ ಚಂದ್ರನ ಮೇಲೆ ಕೂತಿರುತ್ತಾನೆ. ಮಂಡಳಿ ನಾಯಿಗೆ ಅನುಮತಿ ಕೊಟ್ಟಿದೆ, ಅದು ನಮ್ಮ ಪುಣ್ಯ. ಆದರೆ ನೋಡಲು ಚಿತ್ರಮಂದಿರದವರು ಬಿಡಬೇಕಲ್ಲ! ಅಷ್ಟರಲ್ಲಿ ದೀಪ ಹಾಕಿ, ಬಾಗಿಲು ತೆಗೆದು, ಕಸ ಗುಡಿಸುವವರನ್ನು ಒಳಗೆ ಬಿಟ್ಟರು. ಸೂಪರ್‌ಹೀರೊ ಚಿತ್ರದಲ್ಲಿ ಕೊನೆಯ ಹೆಸರು ಹೋಗುವ ತನಕ ಜನ ಕೂರುತ್ತಾರೆ ಅಂತ ಇವರಿಗೆ ಇನ್ನೂ ಗೊತ್ತಿಲ್ಲವೇ? ಇಂಟರ್‌ವಲ್ ಕೂಡ ಹಾಗೇ. ಅಲ್ಲಿ ಯಾರೋ ಮಾತಾಡುತ್ತಿದ್ದಾರೆ, ಇಲ್ಲಿ ಪಾಪ್‌ಕಾರ್ನ್ ಜಾಹೀರಾತು.

ಹೋಗಿದ್ದಾದರೂ ಸುಖವಾಗಿಯೇ? ಬನ್ನೇರುಘಟ್ಟ ರಸ್ತೆಯ ಕತೆ ನಿಮ್ಮ ಓದುಗರಿಗೆ ಗೊತ್ತೇ ಇದೆ. ಮೆಟ್ರೊಗೆ ಅಗೆದದ್ದು ಯಾವ ಕಾಲದಲ್ಲಿ, ಮುಚ್ಚುವುದು ಯಾವ ಕಾಲಕ್ಕೆ? 2025ರ ಜೂನ್‌ನಲ್ಲಿ ಬೈಕ್ ಟ್ಯಾಕ್ಸಿ ನಿಂತ ಮೇಲೆ ಆಟೊದವರು ಹೇಳಿದ್ದೇ ರೇಟು ಆಗಿತ್ತು. ಮಳೆಯಲ್ಲಿ ನೆಂದು ಹೋದರೆ ಬಾಗಿಲಲ್ಲೇ ನೀರಿನ ಬಾಟಲಿ ಕಿತ್ತಿಟ್ಟುಕೊಂಡರು. ಒಳಗೆ ಉಚಿತವಾಗಿ ಕುಡಿಯುವ ನೀರು ಇಡಬೇಕು ಅಂತ 2023ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇಟ್ಟಿದ್ದರು, ಇಲ್ಲ ಅನ್ನುವುದಿಲ್ಲ. ಲೋಟ ಇರಲಿಲ್ಲ. ಕನ್ನಡ ಶೋ ಹುಡುಕಿದೆ, ನಮ್ಮ ಕಡೆ ಒಂದೂ ಸಿಗಲಿಲ್ಲ. 2023ರಲ್ಲಿ ಸ್ಪೈಡರ್‌ಮ್ಯಾನ್‌ನ ‘ಅಕ್ರಾಸ್ ದ ಸ್ಪೈಡರ್‌ವರ್ಸ್’ ಕನ್ನಡವೂ ಸೇರಿ ಹತ್ತು ಭಾಷೆಯಲ್ಲಿ ಬಂದಿತ್ತಲ್ಲ, ಆ ಉತ್ಸಾಹ ಎಲ್ಲಿ ಹೋಯಿತು?

ಇನ್ನು ಟಿಕೆಟ್ ದರ. 200 ರೂಪಾಯಿ ಮೀರಬಾರದು ಅಂತ 2017ರ ಬಜೆಟ್‌ನಲ್ಲೂ ಹೇಳಿದರು, 2025ರ ಮಾರ್ಚ್‌ನಲ್ಲೂ ಹೇಳಿದರು. ಎರಡೂ ಸಲ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ, ಮಾತೂ ಅದೇ. ನಾನು ಕೊಟ್ಟದ್ದು ಅದರ ಎರಡರಷ್ಟಕ್ಕಿಂತ ಜಾಸ್ತಿ. 2025ರ ಜುಲೈನಲ್ಲಿ ಕರಡು ಅಧಿಸೂಚನೆ ಬಂದಿತ್ತಂತೆ. ಕರಡು ಓದಿಕೊಂಡು ಸಿನಿಮಾ ನೋಡಲಾಗುತ್ತದೆಯೇ?

ಸೆನ್ಸಾರ್ ಮಂಡಳಿಯದ್ದೂ ಇದೇ ಹಾಡು. 2015ರಲ್ಲಿ ಜೇಮ್ಸ್ ಬಾಂಡ್‌ನ ‘ಸ್ಪೆಕ್ಟರ್’ ಬಂದಾಗ ಅವನ ಮುತ್ತನ್ನೂ ಅರ್ಧಕ್ಕೆ ಇಳಿಸಿದ್ದರು. ಊರೆಲ್ಲಾ ನಕ್ಕಿತು. ಸೆನ್ಸಾರ್ ಸುಧಾರಣೆಗೆ ಕೇಂದ್ರ ನೇಮಿಸಿದ್ದ, ಚಿತ್ರ ನಿರ್ದೇಶಕ ಶ್ಯಾಮ್ ಬೆನೆಗಲ್ ಅವರ ಸಮಿತಿ 2016ರಲ್ಲಿ ವರದಿ ಕೊಟ್ಟಿತು. ಮಂಡಳಿಯ ಕೆಲಸ ವಯಸ್ಸಿನ ಪ್ರಕಾರ ಸರ್ಟಿಫಿಕೇಟ್ ಕೊಡುವುದು, ಕತ್ತರಿಸುವುದಲ್ಲ ಅನ್ನುವುದು ಅದರ ತಿರುಳು. ವರದಿ ಎಲ್ಲಿ ಮಲಗಿದೆಯೋ. 13 ವರ್ಷ, 16 ವರ್ಷ ಅಂತ ಹೊಸ ವರ್ಗಗಳನ್ನು ಮಾತ್ರ ತಂದರು. ವಯಸ್ಸೂ ಬರೆಯುತ್ತೇವೆ, ಕತ್ತರಿಯೂ ಹಾಕುತ್ತೇವೆ ಅಂದರೆ ಎರಡಕ್ಕೂ ಸಂಬಳವೇ? ಮೊದಲು ನಿರ್ಮಾಪಕರು ಮೇಲ್ಮನವಿ ಮಂಡಳಿಗಾದರೂ ಹೋಗಬಹುದಿತ್ತು. 2021ರಲ್ಲಿ ಅದನ್ನೂ ಮುಚ್ಚಿದರು. ಈಗ ಹೈಕೋರ್ಟೇ ಗತಿ. 2025ರ ಜೂನ್‌ನಲ್ಲಿ ‘ಎಫ್1’ ಚಿತ್ರದಲ್ಲಿ ಮೊಬೈಲ್‌ನ ನಡುಬೆರಳಿನ ಎಮೋಜಿ ತೆಗೆಸಿ ಮುಷ್ಟಿ ಹಾಕಿಸಿದರಂತೆ. ಎಮೋಜಿ ಸ್ವಾಮಿ, ಎಮೋಜಿ! ನಮ್ಮ ಶಾಲೆ ಮಕ್ಕಳ ವಾಟ್ಸಾಪ್ ಗ್ರೂಪ್‌ಗೆ ಒಮ್ಮೆ ಬಂದು ನೋಡಿ.

ನಮ್ಮ ಅಪ್ಪ ಕಟ್ಟುನಿಟ್ಟಿನ ಮೇಷ್ಟ್ರು. ಅವರೇ ಇಂದ್ರಜಾಲ ಕಾಮಿಕ್ಸ್ ತಂದುಕೊಡುತ್ತಿದ್ದರು, ಕನ್ನಡದ್ದೇ. ಡೆಂಕಾಲಿ ಕಾಡಿನ ಫ್ಯಾಂಟಮ್ ತನ್ನ ಪ್ರೇಯಸಿ ಡಯಾನಾಗೆ ಮುತ್ತು ಕೊಟ್ಟರೆ ನಾವು ಕಿಸಕ್ ಅಂತ ನಕ್ಕು ಪುಟ ತಿರುಗಿಸುತ್ತಿದ್ದೆವು. ಯಾರೂ ಹಾಳಾಗಲಿಲ್ಲ. ಎಲ್ಲರೂ ಈಗ ಇಎಂಐ ಕಟ್ಟುತ್ತಿದ್ದೇವೆ.

ಇನ್ನೊಂದು ವಿಷಯ. 1938ರ ಆ ಮೊದಲ ಕತೆಯಲ್ಲಿ ಸೂಪರ್‌ಮ್ಯಾನ್‌ಗೆ ಹಾರಲು ಬರುತ್ತಿರಲಿಲ್ಲ, ಜಿಗಿಯುತ್ತಿದ್ದ ಅಷ್ಟೇ. ಅವನು ಹಿಡಿದದ್ದು ಅನ್ಯಗ್ರಹದವರನ್ನಲ್ಲ. ಹೆಂಡತಿಗೆ ಹೊಡೆಯುವವನನ್ನು ಹಿಡಿದ. ವಾಷಿಂಗ್ಟನ್‌ಗೆ ಹೋಗಿ ಸೆನೆಟರ್ ಜೊತೆ ಒಳವ್ಯವಹಾರ ಮಾಡುತ್ತಿದ್ದ ಒಬ್ಬ ದಲ್ಲಾಳಿಯನ್ನು ಎತ್ತಿಕೊಂಡು ಟೆಲಿಫೋನ್ ತಂತಿಯ ಮೇಲೆ ಓಡಿದ. ದಲ್ಲಾಳಿ ಹೆದರಿ ನಡುಗಿಬಿಟ್ಟ. ಇಂಥ ಕೆಲಸಕ್ಕೆ ನಮ್ಮ ರಸ್ತೆಯಲ್ಲಿ ತಂತಿಗಳಿಗೇನು ಕೊರತೆ? ಕಂಬದಿಂದ ಮರಕ್ಕೆ, ಮರದಿಂದ ತಲೆಗೆ ಜೋತು ಬಿದ್ದಿವೆ. ವಾರ್ಡ್ ಕಚೇರಿಗೆ ದೂರು ಕೊಟ್ಟರೆ ‘ಅದು ನಮ್ಮ ತಂತಿ ಅಲ್ಲ’ ಅನ್ನುತ್ತಾರೆ. ಯಾರದ್ದು ಅಂದರೆ ಮತ್ತೊಂದು ಕಚೇರಿಯ ದಾರಿ ತೋರಿಸುತ್ತಾರೆ. ಅವರು ಊಟಕ್ಕೆ ಹೋಗಿರುತ್ತಾರೆ.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಆ 33 ಸೆಕೆಂಡ್ ವಾಪಸ್ ಸೇರಿಸಬೇಕು. ಇಲ್ಲವೇ ಟಿಕೆಟ್ ಹಣದಲ್ಲಿ ಅಷ್ಟನ್ನು ಕಳೆದು ಕೊಡಬೇಕು. ಬೆನೆಗಲ್ ವರದಿಯನ್ನು ಯಾರಾದರೂ ಎಬ್ಬಿಸಬೇಕು, ರಸ್ತೆಯಲ್ಲಿ ಅಗೆದದ್ದನ್ನೂ ಮುಚ್ಚಬೇಕು, ಲೋಟ ಇಡಬೇಕು. ಇದರಲ್ಲಿ ಯಾವುದು ಕೇಂದ್ರದ್ದು, ಯಾವುದು ರಾಜ್ಯದ್ದು, ಯಾವುದು ಮಾಲ್‌ನದು ಅಂತ ನನ್ನನ್ನು ಕೇಳಬೇಡಿ. ಸಂಬಳ ತೆಗೆದುಕೊಳ್ಳುವವರು ನೀವು. ಅಷ್ಟಾದರೂ ನೀವೇ ಹುಡುಕಿಕೊಳ್ಳಿ.

— ಬನ್ನೇರುಘಟ್ಟ ರಸ್ತೆಯ ಒಬ್ಬ ಓದುಗ, ಬೆಂಗಳೂರು