ಶಿಕ್ಷಣ ರಾಜ್ಯ ಪಟ್ಟಿಗೆ ಮರಳಲಿ

ವೈದ್ಯಕೀಯ ಪ್ರವೇಶದ ವಿಷಯದಲ್ಲಿ ರಾಜ್ಯದ ಮಾತಿಗೆ ಬೆಲೆ ಇಲ್ಲದಂತಾಗಿರುವುದರ ಮೂಲ 1976ರಲ್ಲಿದೆ. ತುರ್ತು ಪರಿಸ್ಥಿತಿಯಲ್ಲಿ, ವಿರೋಧ ಪಕ್ಷಗಳ ನಾಯಕರು ಸೆರೆಯಲ್ಲಿದ್ದಾಗ, ಸಂವಿಧಾನದ 42ನೇ ತಿದ್ದುಪಡಿಯ ಮೂಲಕ ಶಿಕ್ಷಣವನ್ನು ರಾಜ್ಯಗಳು ಕಾನೂನು ಮಾಡುವ ವಿಷಯಗಳ ರಾಜ್ಯ ಪಟ್ಟಿಯಿಂದ, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಸೇರಿಸಲಾಯಿತು. ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಜಾಗ ಒದಗಿಸುವುದು, ಬೋಧಕರಿಗೆ ಸಂಬಳ ಕೊಡುವುದು ರಾಜ್ಯ. ಸೀಟು ಯಾರಿಗೆಂದು ತೀರ್ಮಾನಿಸುವ ಪ್ರವೇಶ ಪರೀಕ್ಷೆ ‘ನೀಟ್’ ಮಾತ್ರ ಕೇಂದ್ರದ್ದು. ನೀಟ್ ಬೇಡವೆಂದು ನಮ್ಮ ವಿಧಾನಮಂಡಲ 2024ರ ಜುಲೈನಲ್ಲಿ ನಿರ್ಣಯ ಅಂಗೀಕರಿಸಿದರೂ ಏನೂ ಬದಲಾಗಲಿಲ್ಲ. ಹಳ್ಳಿಯ ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ, ಕೋಚಿಂಗ್‌ಗೆ ಲಕ್ಷಗಟ್ಟಲೆ ತೆರಲಾಗದ ಮಕ್ಕಳ ಸಂಕಟ ದೆಹಲಿಗೆ ತಿಳಿಯುವುದಾದರೂ ಹೇಗೆ? ಶಿಕ್ಷಣವನ್ನು ರಾಜ್ಯ ಪಟ್ಟಿಗೆ ಮರಳಿಸುವ ತಿದ್ದುಪಡಿಗಾಗಿ ಕರ್ನಾಟಕದ 28 ಲೋಕಸಭಾ ಸದಸ್ಯರೂ ಪಕ್ಷಭೇದ ಮರೆತು ಸಂಸತ್ತಿನಲ್ಲಿ ಒತ್ತಾಯಿಸಬೇಕು.

– ನಿವೃತ್ತ ಉಪನ್ಯಾಸಕ, ಹಾವೇರಿ