ಆ ಅಡ್ವಾನ್ಸ್ ಕೊಡಬೇಡಿ ಅಂತ ಚಿಕ್ಕಪ್ಪನಿಗೆ ಹೇಳಿ

ಲೀಡ್ಸ್
9 ನವೆಂಬರ್ 2025

ಅಪ್ಪಾಜಿಯವರಿಗೆ ನಮಸ್ಕಾರಗಳು,

ನಾನಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಈಗ ಹೇಗಿದೆ? ಫೋನಿನಲ್ಲಿ ಅರ್ಧಂಬರ್ಧ ಹೇಳಿದ ವಿಷಯವನ್ನು ಈಗ ಪೂರ್ತಿ ಬರೆಯುತ್ತಿದ್ದೇನೆ. ಓದಿ ಆದಮೇಲೆ ಈ ಪತ್ರವನ್ನು ಚಿಕ್ಕಪ್ಪನ ಕೈಗೆ ಕೊಡಿ. ಅವರ ಮಗನನ್ನು, ಅಂದರೆ ನನ್ನ ತಮ್ಮನನ್ನು, ಬ್ರಿಟನ್‌ಗೆ ಕೆಲಸಕ್ಕೆ ಕಳಿಸಲು ತೋಟದ ಮೇಲೆ ಸಾಲ ತೆಗೆದು ಏಜೆಂಟನಿಗೆ ದುಡ್ಡು ಕಟ್ಟುವ ಮೊದಲು ಅವರು ಇದನ್ನು ಓದಲೇಬೇಕು.

"ಕಂಪನಿಯವರೇ ಇಟ್ಟುಕೊಳ್ಳುತ್ತೇವೆ ಅಂದಮೇಲೆ ಸರ್ಕಾರದ್ದೇನು ತಕರಾರು?" ಅಂತ ನನ್ನ ವೀಸಾ ತಡವಾದಾಗ ನೀವು ಕೇಳಿದ್ದಿರಿ. ನನ್ನ ಡಿಗ್ರಿ ಬಗ್ಗೆ ಯಾರದ್ದೂ ತಕರಾರಿಲ್ಲ ಅಪ್ಪಾಜಿ. ಹೊರದೇಶದವರು ಇಲ್ಲಿ ಕೆಲಸ ಮಾಡಲು ತೆಗೆದುಕೊಳ್ಳುವ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಮೊದಲು ಪಾಸಾಗಬೇಕಾದದ್ದು ಕೆಲಸ, ಆಮೇಲೆ ನಾನು. ಬ್ರಿಟನ್‌ನಲ್ಲಿ ಪ್ರತಿ ಉದ್ಯೋಗಕ್ಕೂ ನಾಲ್ಕಂಕಿಯ ಕೋಡ್ ಇದೆ. ಸಿವಿಲ್ ಇಂಜಿನಿಯರ್‌ಗೆ 2121, ಸಿವಿಲ್ ಟೆಕ್ನಿಷಿಯನ್‌ಗೆ 3114. ಈ ವರ್ಷ ಜುಲೈ 22ರಿಂದ ಹೊಸಬರಿಗೆ ಡಿಗ್ರಿ ಮಟ್ಟದ ಕೆಲಸವೇ ಆಗಬೇಕು ಅಂತ ಬಿಗಿ ಮಾಡಿದ್ದಾರೆ. ಜನ ಸಿಗದ ಕೆಲವು ಉದ್ಯೋಗಗಳಿಗಷ್ಟೇ ತಾತ್ಕಾಲಿಕ ವಿನಾಯಿತಿ. ವರ್ಷದ ಸಂಬಳದ ಮಿತಿಯೂ 38,700 ಪೌಂಡ್‌ನಿಂದ 41,700ಕ್ಕೆ ಏರಿದೆ. ಓದು ಮುಗಿಸಿ ಇಲ್ಲೇ ಕೆಲಸಕ್ಕೆ ಸೇರುವ ನನ್ನಂಥವರಿಗೆ 33,400. ಇದರ ಜೊತೆ ಆಯಾ ಕೋಡ್‌ಗೆ ಅದರದೇ ದರವೂ ಇರುತ್ತದೆ. ಎರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ಸಂಬಳ ಕೊಡಲೇಬೇಕು.

ನನ್ನ ವಿಷಯದಲ್ಲಿ ತಡವಾಗಿದ್ದು ಈ ಕೋಡ್‌ನಿಂದ. ನನ್ನ ಕೆಲಸದ ಬಗ್ಗೆ ಹೆಚ್‌ಆರ್‌ನವರು ಮೊದಲು ಬರೆದ ವಿವರ ಎರಡೇ ಸಾಲು: ಇಂಜಿನಿಯರ್‌ಗಳಿಗೆ ಸಹಾಯ, ಡ್ರಾಯಿಂಗ್ ತಿದ್ದುವುದು, ಸೈಟಿನ ದಾಖಲೆ ಇಡುವುದು. ಓದಿದ ಯಾರಿಗಾದರೂ ಟೆಕ್ನಿಷಿಯನ್ ಅಂತಲೇ ಅನ್ನಿಸುತ್ತದೆ. ನಮ್ಮ ಮ್ಯಾನೇಜರ್ ಒಪ್ಪಲಿಲ್ಲ. ಒಂದು ಮಧ್ಯಾಹ್ನ ಪೂರ್ತಿ ನನ್ನ ಪಕ್ಕ ಕೂತು, ನಾನು ದಿನಾ ಏನು ಮಾಡುತ್ತೇನೋ ಅದನ್ನೇ ಬರೆಸಿದರು. ಹೊಸ ಬಡಾವಣೆಗಳಿಗೆ ಮಳೆನೀರಿನ ಚರಂಡಿ ಡಿಸೈನ್ ಮಾಡುವುದು ನನ್ನ ಕೆಲಸ. ನೂರು ವರ್ಷಕ್ಕೊಮ್ಮೆ ಬರುವಂಥ ಮಳೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಹವಾಮಾನ ಬದಲಾಗುತ್ತಿದೆ ಅಂತ ಅದಕ್ಕೆ ಇನ್ನಷ್ಟು ಸೇರಿಸಬೇಕು. ಆಮೇಲೆ ಪೈಪಿನ ಅಳತೆ, ಇಳಿಜಾರು, ನೀರು ತಡೆದಿಡುವ ತೊಟ್ಟಿಯ ಗಾತ್ರ ಎಲ್ಲವನ್ನೂ ತೀರ್ಮಾನಿಸಬೇಕು. ತೋಟದಲ್ಲಿ ಬಸಿಗಾಲುವೆ ಎಲ್ಲಿ ಹಾಯಬೇಕು, ಎಷ್ಟು ಆಳ ಇರಬೇಕು ಅಂತ ನೀವು ನಿಂತು ಹೇಳುತ್ತೀರಲ್ಲ, ಹಾಗೆ. ಅಗೆಯುವವರ ಕೆಲಸ ಕಡಿಮೆ ಅಂತಲ್ಲ. ಆದರೆ ಲೆಕ್ಕ ಯಾರದು, ನಿರ್ಧಾರ ಯಾರದು ಅನ್ನುವುದರ ಮೇಲೆ ಕೋಡ್ ಬದಲಾಗುತ್ತದೆ. ಹುದ್ದೆಯ ಹೆಸರು ಏನಿದ್ದರೂ ವೀಸಾ ಕೊಡುವವರು ನೋಡುವುದು ಇದನ್ನೇ.

ನಾನು ಮಾಡಿದ ಲೆಕ್ಕದ ಹಾಳೆಗಳು, ನಾನು ಯಾರ ಕೈಕೆಳಗೆ ಇದ್ದೇನೆ ಅನ್ನುವ ಪಟ್ಟಿ, ಕೆಲಸಕ್ಕೆ ಕೊಟ್ಟ ಜಾಹೀರಾತು, ಎಲ್ಲವನ್ನೂ ಕಂಪನಿಯವರು ಒಂದು ಫೈಲ್ ಮಾಡಿ ಇಟ್ಟಿದ್ದಾರೆ. ಇಂಥ ಕೆಲಸ ನಿಜಕ್ಕೂ ಇಲ್ಲ, ವೀಸಾಕ್ಕೋಸ್ಕರ ಹುಟ್ಟಿಸಿದ್ದು ಅಂತ ಹೋಮ್ ಆಫೀಸಿನವರಿಗೆ, ಅಂದರೆ ವೀಸಾ ಕೊಡುವ ಇಲಾಖೆಯವರಿಗೆ, ಅನುಮಾನ ಬಂದರೆ ಅರ್ಜಿ ತಿರಸ್ಕರಿಸಬಹುದು. ಈಗ ನನಗೆ 2121ರಲ್ಲೇ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್, ಅಂದರೆ ಈ ಕೆಲಸಕ್ಕೆ ಇವಳನ್ನು ಇಟ್ಟುಕೊಳ್ಳುತ್ತೇವೆ ಅನ್ನುವ ಕಂಪನಿಯ ದಾಖಲೆ, ಬಂದಿದೆ. ಹೆಸರಿಗೆ ಸರ್ಟಿಫಿಕೇಟ್, ಕೈಗೆ ಬರುವುದು ಬರೀ ಒಂದು ನಂಬರ್. ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು, ಈ ವಾರವೇ ಹಾಕುತ್ತೇನೆ.

ಈಗ ತಮ್ಮನ ವಿಷಯ. ಏಜೆಂಟ್ 14 ಲಕ್ಷ ಕೇಳಿ, ಕೇರ್ ಹೋಮ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಸರ್ಟಿಫಿಕೇಟ್ ಕೊಡಿಸುತ್ತೇನೆ ಅಂದಿದ್ದಾನಲ್ಲ, ಆ ದಾರಿಯೇ ಮುಚ್ಚಿದೆ. ಜುಲೈ 22ರಿಂದ ಕೇರ್ ವರ್ಕರ್‌ಗಳನ್ನು ಹೊರದೇಶದಿಂದ ಹೊಸದಾಗಿ ಕರೆಸುವ ಹಾಗಿಲ್ಲ. "ಪೇಪರ್ ಮೇಲೆ ಮ್ಯಾನೇಜರ್ ಅಂತ ತೋರಿಸ್ತೀವಿ" ಅಂದನಂತೆ. ಅದು ಕೇಳಿ ನನಗೆ ನಿದ್ದೆ ಬರಲಿಲ್ಲ. ಭಾರತದಲ್ಲಿರುವವರನ್ನು ಕರೆಸಬೇಕಾದರೆ ಕಂಪನಿ ಆ ಒಂದು ಕೆಲಸದ ವಿವರ ಕೊಟ್ಟು ಪ್ರತ್ಯೇಕ ಒಪ್ಪಿಗೆ ಪಡೆಯಬೇಕು. ತಮ್ಮ ಹೇಗೋ ದಾಟಿ ಬಂದ ಅಂತಲೇ ಇಟ್ಟುಕೊಳ್ಳಿ. ಹೊರದೇಶದವರನ್ನು ಕರೆಸಲು ಕಂಪನಿಗಿರುವ ಲೈಸೆನ್ಸ್ ರದ್ದಾದರೆ ಸಾಮಾನ್ಯವಾಗಿ 60 ದಿನ ಕೊಡುತ್ತಾರೆ. ಅಷ್ಟರಲ್ಲಿ ಬೇರೆ ಸ್ಪಾನ್ಸರ್ ಹುಡುಕಬೇಕು, ಇಲ್ಲವೇ ಊರಿಗೆ ಹೊರಡಬೇಕು. ಸಾಲ ಮಾತ್ರ ತೋಟದ ಮೇಲೆ ಹಾಗೇ ಇರುತ್ತದೆ.

ಸರ್ಟಿಫಿಕೇಟಿಗೆ ಸರ್ಕಾರದ ಶುಲ್ಕ 525 ಪೌಂಡ್, ಹತ್ತಿರ ಹತ್ತಿರ 60 ಸಾವಿರ ರೂಪಾಯಿ. ಅದನ್ನೂ ಕಂಪನಿಯೇ ಕಟ್ಟಬೇಕು, ಕೆಲಸಕ್ಕೆ ಬರುವವರಿಂದ ವಸೂಲಿ ಮಾಡುವ ಹಾಗಿಲ್ಲ. ಹಾಗಿದ್ದ ಮೇಲೆ 14 ಲಕ್ಷ ಯಾತಕ್ಕೆ ಅಂತ ಚಿಕ್ಕಪ್ಪ ಒಂದು ಸಲ ಕೇಳಲಿ. ಕಂಪನಿ ಹೆಸರು ಹೇಳಿದರೆ ಸರ್ಕಾರದ ವೆಬ್‌ಸೈಟಿನ ಸ್ಪಾನ್ಸರ್ ಪಟ್ಟಿಯಲ್ಲಿ ಇದೆಯಾ ಅಂತ ನಾನೇ ನೋಡುತ್ತೇನೆ. ಪಟ್ಟಿಯಲ್ಲಿದ್ದರೂ ಆ ಕೆಲಸಕ್ಕೆ ವೀಸಾ ಸಿಗುತ್ತದೆ ಅಂತ ಅರ್ಥವಲ್ಲ, ಅದನ್ನೂ ಹೇಳಿಬಿಡಿ.

ಇಷ್ಟಕ್ಕೂ ತಮ್ಮ ಓದಿರುವುದು ಬಿ.ಎಸ್‌ಸಿ. ನರ್ಸಿಂಗ್, ಅಲ್ವಾ? ನರ್ಸ್ ಕೆಲಸಕ್ಕೆ ಈಗಲೂ ಈ ವೀಸಾ ಸಿಗುತ್ತದೆ. ಸುಮ್ನೆ ಯಾಕೆ ಕಳ್ಳದಾರಿ ಹಿಡಿಯಬೇಕು? ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಮಾತಾಡುವುದು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ತೆಗೆಯಬೇಕು, ಇಲ್ಲವೇ ಒಇಟಿ ಅನ್ನುವ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಬರೆಯಬಹುದು. ಇಲ್ಲಿನ ನರ್ಸಿಂಗ್ ಕೌನ್ಸಿಲ್‌ನ ಕಂಪ್ಯೂಟರ್ ಪರೀಕ್ಷೆಯನ್ನು ನಮ್ಮ ದೇಶದಲ್ಲೇ ಬರೆಯಬಹುದು. ಕೈಯಿಂದ ಮಾಡಿ ತೋರಿಸುವ ಪರೀಕ್ಷೆ ಇಲ್ಲಿಗೆ ಬಂದಮೇಲೆ. ಒಂದು ವರ್ಷ ಜಾಸ್ತಿ ಹಿಡಿದರೂ ಹಿಡಿಯಲಿ, ಅವನು ಕಲಿತ ಕೆಲಸಕ್ಕೇ ಬರಲಿ.

ಇವತ್ತೇ ಚಿಕ್ಕಪ್ಪನ ಮನೆಗೆ ಹೋಗಿಬನ್ನಿ. ಭಾನುವಾರ ಸಂಜೆ ನಾನು ಮನೆಯಲ್ಲೇ ಇರುತ್ತೇನೆ. ತಮ್ಮನಿಗೆ ಅವನ ಮಾರ್ಕ್ಸ್ ಕಾರ್ಡ್, ನಮ್ಮ ಕಡೆಯ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಎರಡನ್ನೂ ಎದುರಿಗೆ ಇಟ್ಟುಕೊಂಡು ವಿಡಿಯೋ ಕಾಲ್ ಮಾಡಲು ಹೇಳಿ.

ನಿಮ್ಮ ಮಗಳು